ಹನ್ನೆರಡು ಮರದವರ ಸೂತಕ

ಮಗಳು ಅಮೆರಿಕದ ಹುಡುಗನನ್ನು ಮದುವೆಯಾಗುತ್ತೇನೆ ಎಂದ ದಿನ ಮೋಹನದಾಸ ಸಾಲ್ಯಾನರು ಪ್ರತಿಭಟನೆಗಾಗಿ ಊಟ ಬಿಡುವುದೆಂದು ನಿಶ್ಚಯಿಸಿದ್ದರು. ಆದರೆ ಅದೇ ದಿನ ಹೆಂಡತಿ ರಾಜೀವಿ ಬಂಗುಡೆ ಮೀನಿನ ಪುಳಿಮುಂಚಿ ಸಾರು ಮಾಡಿದ್ದರು. ಹೋರಾಟಕ್ಕೆ ದಿನ ಪ್ರಶಸ್ತವಾಗಿಲ್ಲ ಎಂದುಕೊಂಡು ಅವರು ತಟ್ಟೆಯ ಮುಂದೆ ಕುಳಿತರು. ಫೋನನ್ನು ಸ್ಪೀಕರಿಗೆ ಹಾಕಿ, ಸಾನ್ ಡಿಯಾಗೊದಲ್ಲಿದ್ದ ಮಗಳನ್ನು ಕೇಳಿದರು:

“ಹುಡುಗನ ಹೆಸರೆಂತ?”

“ನೇಥನ್.”

“ಅದು ಕರೆಯುವ ಹೆಸರು. ಮನೆತನ ಎಂತದ್ದು?”

“ಟ್ವೆಲ್ವ್‌ಟ್ರೀಸ್,” ಎಂದಳು ಅಶ್ವಿತಾ.

ಮೋಹನದಾಸರ ಬೆರಳು ಬಾಯಿಯ ಹತ್ತಿರವೇ ನಿಂತಿತು. ಹನ್ನೆರಡು ಮರ! ಕಾಪುವಿನಲ್ಲಿ ಅವರ ಅಜ್ಜಿಮನೆಗೆ ‘ಹಲಸಿನಡಿ’ ಎಂದು ಹೆಸರು. ಇದ್ದದ್ದು ಒಂದೇ ಹಲಸಿನ ಮರ, ಅದೂ ಕಾಯಿ ಬಿಡದ ಸೋಮಾರಿ ಮರ. ಆದರೂ ಹಲಸಿನಡಿಯವರು ಎಂದರೆ ಬಸ್ಸಿನ ಕಂಡಕ್ಟರ್ ಎದ್ದು ಸೀಟು ತೋರಿಸುತ್ತಿದ್ದ. ಒಂದು ಮರಕ್ಕೆ ಇಷ್ಟು ಗೌರವವಾದರೆ ಹನ್ನೆರಡಕ್ಕೆ ಎಷ್ಟು? ಮೋಹನದಾಸರು ಅಮೆರಿಕದಲ್ಲೇ, ಎಲ್ ಸೆಗುಂಡೋ ಎಂಬ ಊರಿನ ಕಂಪೆನಿಯೊಂದರಲ್ಲಿ ಉಪಗ್ರಹಗಳ ಬೋಲ್ಟುಗಳನ್ನು ಪರೀಕ್ಷಿಸಿ ಪಾಸು-ಫೇಲು ಮಾಡುವವರು, ಗುಣಾಕಾರದಲ್ಲಿ ತಪ್ಪುವವರಲ್ಲ.

“ಒಳ್ಳೆ ಮನೆತನ,” ಎಂದು ಹೇಳಿ ಇನ್ನೊಂದು ಬಂಗುಡೆ ಹಾಕಿಸಿಕೊಂಡರು.

ಮುಂದಿನ ಕೆಲವು ದಿನ ಎಲ್ ಸೆಗುಂಡೋದ ಬೋಲ್ಟುಗಳು ಪರೀಕ್ಷೆಗೆ ಕಾದು ಕುಳಿತವು. ಮೋಹನದಾಸರು ಇಂಗ್ಲಿಷ್ ಮನೆತನಗಳ ಕುರಿತು ಇಂಟರ್ನೆಟ್ಟಿನಲ್ಲಿ ಸಿಕ್ಕಿದ್ದನ್ನೆಲ್ಲ ಓದಿದರು. ಟ್ವೆಲ್ವ್‌ಟ್ರೀಸ್ ಎಂಬುದು ಜಾಗದಿಂದ ಬಂದ ಹೆಸರು; ಇಂಗ್ಲೆಂಡಿನಲ್ಲೆಲ್ಲೋ ಹನ್ನೆರಡು ಮರಗಳ ಪಕ್ಕ ವಾಸವಾಗಿದ್ದವರಿಗೆ ಬಿದ್ದಿರಬೇಕು. ಬಹಳ ಅಪರೂಪದ್ದು. ಇಷ್ಟೇ ಸಿಕ್ಕಿದ್ದು. ಅವು ಯಾವ ಮರಗಳು ಎಂದು ಮಾತ್ರ ಒಬ್ಬನೂ ಬರೆದಿರಲಿಲ್ಲ. ಇದು ಮೋಹನದಾಸರಿಗೆ ಇಂಗ್ಲಿಷರ ದೊಡ್ಡ ಬೇಜವಾಬ್ದಾರಿಯಾಗಿ ಕಂಡಿತು.

ಆ ತಿಂಗಳು ಟೋರನ್ಸಿನ ಪಾರ್ಕಿನಲ್ಲಿ ಕರಾವಳಿಯವರ ಪಿಕ್ನಿಕ್ ನಡೆಯಿತು. ನೀರುದೋಸೆಯ ಸಾಲಿನಲ್ಲಿ ನಿಂತಿದ್ದ ಒಬ್ಬ ಆಂಟಿ ಕೇಳಿಯೇಬಿಟ್ಟರು:

“ಹನ್ನೆರಡು ಮರ ಅಂದ್ರೆ ಎಂತ ಮರ ಮಾರಾಯ್ರೇ? ತೆಂಗಾ?”

“ಓಕ್,” ಎಂದರು ಮೋಹನದಾಸರು. ವಿದ್ವಾಂಸರು ಖಾಲಿ ಬಿಟ್ಟ ಜಾಗವನ್ನು ಯಾರಾದರೂ ತುಂಬಲೇಬೇಕಲ್ಲ.

ಮೊದಲ ದೋಸೆಯ ಹೊತ್ತಿಗೆ ಓಕ್ ಮರಗಳ ನಡುವೆ ಒಂದು ಮನೆ ಎದ್ದಿತು. ಎರಡನೆಯ ದೋಸೆಗೆ ಮನೆಗೆ ಚಾವಡಿ ಬಂತು, ಚಾವಡಿಗೆ ಕಂಬಗಳು ಬಂದವು. ಐಸ್‌ಕ್ರೀಮ್ ಹಂಚುವಷ್ಟರಲ್ಲಿ ಇಂಗ್ಲೆಂಡಿನ ಯಾವುದೋ ರಾಜ ಆ ಚಾವಡಿಯಲ್ಲಿ ಕುಳಿತು ಉಂಡು, ಕೈತೊಳೆದು, ಹೊರಟೂ ಹೋಗಿದ್ದ.

“ಜಾನ್ಸನ್, ಬ್ರೌನ್‌ಗಳ ಹಾಗೆ ಬೀದಿಗೆ ಹತ್ತು ಮನೆ ಅಲ್ಲ ಇವರದ್ದು,” ಎಂದರು ಮೋಹನದಾಸರು. “ಇಡೀ ಅಮೆರಿಕದಲ್ಲಿ ಟ್ವೆಲ್ವ್‌ಟ್ರೀಸ್ ಅಂತ ಎಷ್ಟು ಜನ ಇದ್ದಾರೋ ಅಷ್ಟೂ ಒಂದೇ ಮನೆಯವರು. ಒಂದೇ ಬೇರು.”

ಅವರ ಆಫೀಸಿನ ಗೆಳೆಯ ಸಿದ್ಧಲಿಂಗೇಶ ಅಲ್ಲಿಯೇ ಇದ್ದರು. ಗದಗಿನವರು, ಕರಾವಳಿಯವರ ಪಿಕ್ನಿಕ್ಕಿಗೆ ಅವರಿಗೆ ಕರೆಯೋಲೆ ಇರಲಿಲ್ಲ. ಆದರೆ ನೀರುದೋಸೆ ಇರುವಲ್ಲಿ ಅವರು ಕರೆಯೋಲೆಗೆ ಕಾಯುತ್ತಲೂ ಇರಲಿಲ್ಲ.

“ಎಲ್ಲಾರೂ ಒಂದ ಮನಿಯವ್ರು ಅಂತೀರಿ?”

“ನೂರಕ್ಕೆ ನೂರು.”

“ಬರದ್ ಕೊಡ್ತೀರೇನ್ರೀ?”

“ಬೇಕಾದ್ರೆ ಕೋರ್ಟಲ್ಲಿ ಹೇಳ್ತೇನೆ.”

ತನ್ನ ಕಾಲ ಮೇಲೆ ತಾನೇ ಕಲ್ಲು ಎತ್ತಿಹಾಕಿಕೊಳ್ಳುವ ಮನುಷ್ಯನ ಮುಖವನ್ನು ಗಮನಿಸಿದ್ದೀರಾ? ಕಲ್ಲು ಕೈಯಲ್ಲಿರುವಷ್ಟು ಹೊತ್ತು ಅವನಿಗಿಂತ ಸುಖಿ ಇನ್ನೊಬ್ಬನಿಲ್ಲ.

ನಿಶ್ಚಿತಾರ್ಥ ಜೂನ್ ತಿಂಗಳ ಒಂದು ಶನಿವಾರ ಸಂಜೆಗೆ ನಿಂತಿತು. ಸಾನ್ ಡಿಯಾಗೊದ ಲಾ ಹೋಯಾದಲ್ಲಿ ಕಡಲಿಗೆ ಮುಖ ಮಾಡಿದ ಒಂದು ಬಾಡಿಗೆ ಸಭಾಂಗಣ. ಹೆಣ್ಣಿನ ಕಡೆಯಿಂದ ಎಂಬತ್ತು ಜನ. ದಿನ ಬದಲಿಸುವ ಹಾಗಿರಲಿಲ್ಲ. ನೇಥನ್ ಮತ್ತು ಅಶ್ವಿತಾ ಇಬ್ಬರೂ ಅಲ್ಲಿನ ಸಮುದ್ರ ಸಂಶೋಧನೆಯ ಸಂಸ್ಥೆಯೊಂದರಲ್ಲಿದ್ದರು. ನೇಥನ್ ಸೋಮವಾರವೇ ಸಂಶೋಧನೆಯ ಹಡಗು ಹತ್ತಿ ದಕ್ಷಿಣ ಧ್ರುವದ ಹಿಮದ ಕಡೆಗೆ ಹೊರಡುವವನಿದ್ದ. ಮರಳುವುದು ಆರು ತಿಂಗಳ ಮೇಲೆ.

ನಿಶ್ಚಿತಾರ್ಥದ ವಾರ ರೆಡೊಂಡೊ ಬೀಚಿನ ತಮ್ಮ ಮನೆಯಲ್ಲಿ ರಾಜೀವಿ ಅಂಜಲ್ ಮೀನಿನ ತಲೆಯನ್ನು ಬಿಸಾಡಲು ಕಾಗದದಲ್ಲಿ ಸುತ್ತುತ್ತಿದ್ದರು. ಬೀದಿಗೆ ಬಿಟ್ಟಿ ಹಂಚುವ ವಾರಪತ್ರಿಕೆ ಅದು. ಮೀನಿನ ಕಣ್ಣಿನ ಪಕ್ಕದಲ್ಲಿ ಒಬ್ಬ ಮುದುಕ ಫೋಟೋದಲ್ಲಿ ನಗುತ್ತಿದ್ದ.

“ಇವರೇ,” ಎಂದು ಕೂಗಿದರು. “ಇಲ್ಲಿ ಬನ್ನಿ. ನಿಮ್ಮ ಬೀಗರ ಪೈಕಿ ಯಾರೋ ಹೋಗಿಬಿಟ್ಟಿದ್ದಾರೆ.”

ಮೋಹನದಾಸರು ಮೀನನ್ನು ಸರಿಸಿ ಓದಿದರು. ಹೆರಾಲ್ಡ್ ಟ್ವೆಲ್ವ್‌ಟ್ರೀಸ್. ವಯಸ್ಸು ತೊಂಬತ್ತೊಂದು. ಹಲವು ವರ್ಷ ಕಡಲಕಟ್ಟೆಯ ಹತ್ತಿರ ಗಾಳ-ದಾರಗಳ ಅಂಗಡಿ ಇಟ್ಟಿದ್ದರು. ಅಂತ್ಯಕ್ರಿಯೆ ಶನಿವಾರ ಬೆಳಿಗ್ಗೆ.

“ಸೂತಕ!” ಎಂದು ಕುರ್ಚಿಗೆ ಕುಸಿದರು.

“ಬೇರೆ ಯಾರಾದ್ರೂ ಇರಬಹುದು,” ಎಂದರು ರಾಜೀವಿ.

“ಬೇರೆ ಯಾರು ಇದ್ದಾರೆ ಹೇಳು? ಬೇರೆಯವರೇ ಇಲ್ಲ ಅಂತ ಹುಡುಕಿ ತೆಗೆದವನೇ ನಾನು!”

ಅಷ್ಟರಲ್ಲಿ ಸಿದ್ಧಲಿಂಗೇಶರ ಫೋನೂ ಬಂತು. ಆ ಪತ್ರಿಕೆ ಅವರ ಮನೆಗೂ ಬರುತ್ತಿತ್ತು. ಮೀನು ತಿನ್ನದವರಾದ್ದರಿಂದ ಅವರು ಅದನ್ನು ಓದುತ್ತಿದ್ದರು.

“ಅಲ್ರೀ ಮೋಹನದಾಸ್ರ, ನೀವ ಹೇಳಿದ್ರಲ್ಲ, ಎಲ್ಲಾರೂ ಒಂದ ಮನಿ, ಒಂದ ಬೇರಂತ? ಹಂಗಾದ್ರ ಸೂತಕದಾಗ ಉಂಗುರ ಹಾಕಸ್ತೀರೇನು? ನಾ ಏನ್ ಯಾರಿಗೂ ಹೇಳಂಗಿಲ್ಲ ಬಿಡ್ರಿ. ಒಂದಿಬ್ಬರಿಗೆ ಹೇಳೀನಿ, ಅಷ್ಟ.”

ಇನ್ನು ಉಳಿದದ್ದು ಒಂದೇ ಕರ್ತವ್ಯ. ಸಾವಿನ ಮನೆಗೆ ಫೋನ್ ಮಾಡಿ ವಿಚಾರಿಸುವುದು ಕರಾವಳಿಯಲ್ಲಿ ಶತ್ರುಗಳು ಮಾಡುವ ಕೆಲಸ. ಹೋಗಿ ಮುಖ ತೋರಿಸಬೇಕು. ಮೋಹನದಾಸರು ರಜೆ ಹಾಕಿದರು, ರಾಜೀವಿ ಬಿಳಿ ಸೀರೆ ಉಟ್ಟರು, ಕಾರು ದಕ್ಷಿಣಕ್ಕೆ, ಬೀಗರ ಮನೆಯತ್ತ ಹೊರಟಿತು. ಮೋಹನದಾಸರು ದಾರಿಯುದ್ದಕ್ಕೂ ಹೆಂಡತಿಗೆ ಗೊತ್ತಿದ್ದ ನಿಯಮಗಳನ್ನೇ ಮತ್ತೆ ಮತ್ತೆ ಹೇಳಿದರು.

“ಸಾವಿನ ಸುದ್ದಿ ನಾವಾಗಿ ಎತ್ತಬಾರದು. ಅವರೇ ಹೇಳಲಿ. ಏನು ಕೊಟ್ಟರೂ ಬಾಯಿಗೆ ಹಾಕಬಾರದು. ಹೊರಡುವಾಗ ‘ಬರ್ತೇವೆ’ ಅಂತ ಹೇಳಬಾರದು. ಸುಮ್ಮನೆ ಎದ್ದು ನಡೆಯುದು.”

“ನನ್ನ ಅಜ್ಜಿ ಸತ್ತಾಗ ‘ಇನ್ನೊಮ್ಮೆ ಬರ್ತೇನೆ’ ಅಂತ ಹೇಳಿ ಪೆಟ್ಟು ತಿನ್ನಲಿಕ್ಕೆ ಹೋದದ್ದು ನೀವು,” ಎಂದರು ರಾಜೀವಿ.

ಲಾ ಹೋಯಾದ ಗುಡ್ಡದ ಮೇಲಿನ ಮನೆಯ ಬಾಗಿಲನ್ನು ನೇಥನ್‌ನ ತಾಯಿ ಕ್ಯಾರೊಲ್ ತೆರೆದರು. ಬೀಗರನ್ನು ಕಂಡು ಕುಣಿಯುವುದೊಂದು ಬಾಕಿ. “ಎಂಥ ಸಂತೋಷ! ಹೇಳದೆಯೇ ಬಂದುಬಿಟ್ಟಿರಲ್ಲ! ಈಗಷ್ಟೇ ನಮ್ಮ ಹಿತ್ತಲಿನ ನಿಂಬೆಹಣ್ಣಿನ ಕೇಕ್ ಮಾಡಿದೆ!”

“ಆಘಾತ ತಲೆಗೆ ಹೋಗಿದೆ,” ಎಂದರು ಮೋಹನದಾಸರು ತುಟಿ ಅಲುಗಿಸದೆ. “ಪಾಪ, ನಗ್ತಾ ಇದ್ದಾರೆ.”

ನೇಥನ್‌ನ ತಂದೆ ಪ್ರೊಫೆಸರ್ ಹ್ಯೂ ಟ್ವೆಲ್ವ್‌ಟ್ರೀಸ್ ದೊಡ್ಡ ದೇಹದ, ದೊಡ್ಡ ದನಿಯ ಮನುಷ್ಯ. ನಲವತ್ತು ವರ್ಷದಿಂದ ಜೆಲ್ಲಿಫಿಶ್ ಎಂಬ ಅಂಬಲಿ ಮೀನುಗಳನ್ನು ಅಧ್ಯಯನ ಮಾಡುತ್ತಿದ್ದರು. ಅವರು ಅಂಬಲಿ ಮೀನಿನ ಬಗ್ಗೆ ಮಾತಾಡಿದರು, ಹವೆಯ ಬಗ್ಗೆ ಮಾತಾಡಿದರು, ಶನಿವಾರ ಯಾವ ಬಣ್ಣದ ಟೈ ಕಟ್ಟಬೇಕು ಎಂದು ಕೇಳಿದರು. ಮೋಹನದಾಸರು ನೆಲ ನೋಡುತ್ತಾ ಕುಳಿತರು. ರಾಜೀವಿ ಸೆರಗಿನ ಅಂಚು ನೋಡುತ್ತಾ ಕುಳಿತರು. ಮಾತು ತಾನಾಗಿಯೇ ಸತ್ತಿತು.

“ಕಾಫಿ?” ಎಂದರು ಕ್ಯಾರೊಲ್.

“ಇಂಥ ಸಮಯದಲ್ಲಿ ಬೇಡ.”

ಹ್ಯೂ, ಕ್ಯಾರೊಲ್ ಮುಖ ಮುಖ ನೋಡಿಕೊಂಡರು. “ಏನಾದರೂ ತೊಂದರೆಯೇ ಮೋಹನ್?” ಎಂದರು ಹ್ಯೂ.

ಇನ್ನು ಸುಮ್ಮನಿರುವುದು ಅಮಾನವೀಯವಾಗುತ್ತಿತ್ತು. ಮೋಹನದಾಸರು ದೀರ್ಘವಾಗಿ ಉಸಿರುಬಿಟ್ಟರು. “ನಮ್ಮ ಕೈಯಲ್ಲಿ ಏನಿದೆ ಹ್ಯೂ? ಎಲ್ಲ ಮೇಲಿನವನ ಇಚ್ಛೆ. ಶನಿವಾರದ ಬಗ್ಗೆ ನೀವು ತಲೆ ಕೆಡಿಸಿಕೊಳ್ಳಬೇಡಿ. ಅದು ನಡೆಯುವುದಿಲ್ಲ ಎಂದು ನಮಗೆ ಅರ್ಥವಾಗಿದೆ.”

ಕ್ಯಾರೊಲ್ ಕೈಯ ಚಾಕು ಕೇಕಿನ ಅರ್ಧದಲ್ಲಿ ನಿಂತಿತು. “ನೇಥನ್ ಏನು ತಪ್ಪು ಮಾಡಿದ?”

“ಅವನ ತಪ್ಪೇನೂ ಇಲ್ಲ. ಈ ಮನೆಯಲ್ಲಿ ಹುಟ್ಟಿದ್ದಾನೆ, ಅಷ್ಟೆ.”

ಅಷ್ಟು ಹೇಳಿ, ಪದ್ಧತಿಯಂತೆ, ಇಬ್ಬರೂ ಎದ್ದು ಒಂದು ಮಾತೂ ಆಡದೆ, ತಿರುಗಿಯೂ ನೋಡದೆ ಹೊರಟುಬಂದರು. ಕಾಪುವಿನಲ್ಲಾಗಿದ್ದರೆ ಇಂಥ ನಡತೆಯನ್ನು ಊರವರು ಹೊಗಳುತ್ತಿದ್ದರು. ಮನೆಯೊಳಗೆ ಹ್ಯೂ ಟ್ವೆಲ್ವ್‌ಟ್ರೀಸ್, ಜೀವನದಲ್ಲಿ ಮೊದಲ ಸಲ, ಅಂಬಲಿ ಮೀನಿನ ಹಾಗೆ ಸೋಫಾದ ಮೇಲೆ ಹರಡಿಕೊಂಡಿದ್ದರು.

ಸಾವಿನ ಮನೆಗೆ ಹೋದವರು ಮೀಯದೆ ಮನೆಯೊಳಗೆ ಕಾಲಿಡುವಂತಿಲ್ಲ. ರೆಡೊಂಡೊ ಬೀಚಿನ ಮನೆಗೆ ಮರಳಿದ ಮೋಹನದಾಸರು ಬನಿಯನ್ನಿನಲ್ಲಿ ಹಿತ್ತಲಿಗೆ ಹೋಗಿ ಗಿಡಕ್ಕೆ ನೀರು ಬಿಡುವ ಪೈಪನ್ನು ತಲೆಯ ಮೇಲೆ ಹಿಡಿದರು. ಪಕ್ಕದ ಮನೆಯ ಮಿಸೆಸ್ ಪೆರೇಸ್ ಬೇಲಿಯಾಚೆ ಕತ್ತು ಚಾಚಿದರು.

“ಮೋಹನ್, ಬರಗಾಲದ ನಿಯಮ ಇದೆಯಲ್ಲ, ಇವತ್ತು ನಮ್ಮ ಬೀದಿಯವರು ಗಿಡಕ್ಕೆ ನೀರು ಬಿಡುವ ವಾರವಲ್ಲ.”

“ಗಿಡಕ್ಕಲ್ಲ, ನನಗೆ.”

ಆಕೆ ಯೋಚಿಸಿದರು. “ಮನುಷ್ಯರಿಗೆ ಯಾವ ವಾರವೋ ಗೊತ್ತಿಲ್ಲ. ವಿಚಾರಿಸಿ ಹೇಳುತ್ತೇನೆ.”

ಆಗ ರಾಜೀವಿ ಫೋನನ್ನು ಕೈ ಚಾಚಿ ಹಿಡಿದು ಬಂದರು. ಅಶ್ವಿತಾಳ ದನಿ ಬೇಲಿಯಾಚೆಗೂ ಕೇಳುತ್ತಿತ್ತು. ಅವಳಿಗೆ ಕನ್ನಡ ಎಲ್ಲವೂ ಅರ್ಥವಾಗುತ್ತಿತ್ತು; ಸಿಟ್ಟು ಮಾತ್ರ ಇಂಗ್ಲಿಷಿನಲ್ಲೇ ಬರುತ್ತಿತ್ತು.

“ಅಪ್ಪಾ! ವಾಟ್ ಡಿಡ್ ಯೂ ಡೂ? ಕ್ಯಾರೊಲ್ ಈಸ್ ಕ್ರೈಯಿಂಗ್!”

“ಅಳಲಿ ಮಗಾ. ಅತ್ತರೆ ಒಳ್ಳೆಯದು. ನಾವು ಹೋದಾಗ ಅಳಲೇ ಇಲ್ಲ ಪಾಪ.”

ಅಲ್ಲಿಂದ ಮುಂದೆ ಅಶ್ವಿತಾ ಬಹಳ ಹೊತ್ತು ಮಾತಾಡಿದಳು. ಹೆರಾಲ್ಡರ ಸಾವಿನ ವಿಷಯ ಅಮ್ಮನಿಂದ ತಿಳಿದು ಅವಳು ವಿಚಾರಿಸಿದ್ದಳು; ಆ ಹೆಸರನ್ನೇ ಹ್ಯೂ ಕೇಳಿರಲಿಲ್ಲ. ಅಪ್ಪ ಅಮ್ಮ ಮದುವೆ ಮುರಿಯಲಿಕ್ಕೇ ಬಂದದ್ದೆಂದು ಅವರು ತಿಳಿದಿದ್ದರು. ನೇಥನ್ ತನ್ನ ತಪ್ಪೇನೆಂದು ಯೋಚಿಸಿ ಯೋಚಿಸಿ, ಮಾಡದ ಎರಡು ತಪ್ಪುಗಳನ್ನೂ ಒಪ್ಪಿಕೊಂಡಿದ್ದ.

“ಗೊತ್ತಿಲ್ಲದಿದ್ರೆ ದಾಯಾದಿ ಅಲ್ಲ ಅಂತ ಉಂಟಾ?” ಎಂದರು ಮೋಹನದಾಸರು ಮುಖದ ನೀರು ಒರೆಸುತ್ತಾ. “ನಮ್ಮ ಅಜ್ಜಿಯ ತಮ್ಮನ ಹತ್ತಿರ ನಾವು ಮಾತು ಬಿಟ್ಟು ಎಷ್ಟು ಕಾಲ! ಅವರು ಸತ್ತಾಗ ಸೂತಕ ಹಿಡಿಯಲಿಲ್ವಾ? ಗುರುತು ಬೇಡ ಮಗಾ, ರಕ್ತ ಸಾಕು.”

ಆಮೇಲೆ ಮಗಳು ಕಷ್ಟಪಟ್ಟು, ಒಂದೊಂದೇ ಶಬ್ದ ಜೋಡಿಸಿ, ಕನ್ನಡದಲ್ಲೇ ಹೇಳಿದಳು: “ಅಪ್ಪ. ಶನಿವಾರ ಉಂಗುರ ಇಲ್ಲ ಅಂದ್ರೆ, ಶುಕ್ರವಾರ ನಾವಿಬ್ಬರೇ ಕೌಂಟಿ ಆಫೀಸಿಗೆ ಹೋಗಿ ಮದುವೆ. ನಿಮ್ಗೆ ಫೋಟೋ ಕಳಿಸ್ತೇನೆ.”

ಪೈಪಿನ ನೀರು ಮೋಹನದಾಸರ ಕಾಲ ಮೇಲೆ ಸುರಿಯುತ್ತಲೇ ಇತ್ತು. ಇದ್ದದ್ದು ಒಬ್ಬಳೇ ಮಗಳು. ಅವಳು ಸಿಟ್ಟಿನಲ್ಲಿ ಕನ್ನಡ ಮಾತಾಡಿದ್ದು ಇದೇ ಮೊದಲು. ಮಾಡಿಯೇ ಮಾಡುತ್ತಾಳೆ ಎಂಬುದರಲ್ಲಿ ಸಂಶಯವಿರಲಿಲ್ಲ. ಒಂದು ಕಡೆ ಸೂತಕದಲ್ಲಿ ಶುಭಕಾರ್ಯ ಮಾಡಿ ಮಗಳ ಬದುಕಿಗೆ ಕೇಡು ತಂದುಕೊಳ್ಳುವುದು, ಇನ್ನೊಂದು ಕಡೆ ಮಗಳ ಮದುವೆಯನ್ನು ಫೋನಿನ ಪರದೆಯಲ್ಲಿ ಉಜ್ಜಿ ದೊಡ್ಡದು ಮಾಡಿ ನೋಡುವುದು.

ಮರುದಿನ ಸಂಜೆ ಸಿದ್ಧಲಿಂಗೇಶ ಸಾಂತ್ವನ ಹೇಳಲು ಬಂದರು. ಸಾಂತ್ವನದ ಜೊತೆಗೆ ಒಂದಿಷ್ಟು ದೋಸೆ ಆಗಬಹುದು ಎಂಬ ಸೂಚನೆಯನ್ನೂ ಕೊಟ್ಟರು.

“ಮುಂದಕ್ಕ ಹಾಕ್ರಿ ಅತ್ಲಾಗ. ನೀವ ಹೇಳೀರಿ ಒಂದ ಮನಿಯವ್ರಂತ. ಈಗ ಬ್ಯಾರೆ ಅಂದ್ರ ಜನ ನಂಬ್ತಾರೇನು?”

“ನಾನು ಯಾಕೆ ಆ ಮರಗಳ ಸುದ್ದಿಗೆ ಹೋದೆನೋ!” ಎಂದರು ಮೋಹನದಾಸರು ಹಣೆ ಬಡಿದುಕೊಂಡು.

ದೋಸೆ ಎಬ್ಬಿಸುತ್ತಿದ್ದ ರಾಜೀವಿ ಅಡುಗೆಮನೆಯಿಂದಲೇ ಕೇಳಿದರು: “ಇವರೇ, ನಿಮ್ಮ ಹತ್ತಿರ ಒಂದು ಕೇಳ್ಲಿಕ್ಕುಂಟು. ನೀವು ಸಾಲ್ಯಾನ್ ಆದದ್ದು ಹೇಗೆ?”

“ಇದೆಂತ ಪ್ರಶ್ನೆ? ಅಮ್ಮ ಸಾಲ್ಯಾನ್. ಹಾಗೆ ನಾನು ಸಾಲ್ಯಾನ್.”

“ಅಪ್ಪ?”

“ಕೋಟ್ಯಾನ್.”

“ಅಪ್ಪನ ತಮ್ಮ ತೀರಿಕೊಂಡ ವಾರ ನೀವು ಎಲ್ಲಿದ್ರಿ?”

ಮೋಹನದಾಸರು ನೆನಪಿಸಿಕೊಂಡರು. ನೆನಪಾದ ಮೇಲೆ ದನಿ ಸಣ್ಣದಾಯಿತು. “ನಮ್ಮ ಮದುವೆಯ ಮಂಟಪದಲ್ಲಿ.”

“ಸೂತಕ ಹಿಡಿದ್ರಾ?”

“ಅದು ಹೇಗೆ ಹಿಡಿಯುದು? ನಮಗೆ ಬಳಿ, ಅಂದ್ರೆ ಕುಲ, ಬರುದು ತಾಯಿಯಿಂದ. ಅಪ್ಪನ ತಮ್ಮನ ಬಳಿ ಬೇರೆ, ನಮ್ಮ ಬಳಿ ಬೇರೆ…”

“ಹಾಗಾದ್ರೆ ಆ ಹುಡುಗನಿಗೆ ಮಾತ್ರ ಅಪ್ಪನ ಹನ್ನೆರಡು ಮರ ಯಾಕೆ ತಾಗ್ತದೆ?” ರಾಜೀವಿ ಸಟ್ಟುಗ ಹಿಡಿದುಕೊಂಡೇ ಹೊರಗೆ ಬಂದರು. “ತಿಂಗಳಿಂದ ಆ ಮರಗಳ ಎಲೆ ಎಣಿಸಿದ್ದೇ ಎಣಿಸಿದ್ದು. ಹುಡುಗನ ತಾಯಿಯ ಮನೆ ಯಾವುದೂಂತ ಒಂದು ದಿನ ಕೇಳಿದ್ದುಂಟಾ? ಅಮೆರಿಕಕ್ಕೆ ಬಂದದ್ದೇ ತಡ, ತಾಯಿ ಮರೆತುಹೋಯ್ತು!”

ಸಿದ್ಧಲಿಂಗೇಶ ದೋಸೆಯನ್ನು ಬಾಯಿಯ ಮುಂದೆ ಹಿಡಿದುಕೊಂಡು ಹಾಗೆಯೇ ಉಳಿದರು. ಮೋಹನದಾಸರು ಎದ್ದು ಹೆಂಡತಿಗೆ ಕೈ ಮುಗಿಯುವುದೋ ಮಗಳಿಗೆ ಫೋನ್ ಮಾಡುವುದೋ ತಿಳಿಯದೆ ಎರಡನ್ನೂ ಒಟ್ಟಿಗೆ ಮಾಡಿದರು.

“ಮಗಾ! ಕ್ಯಾರೊಲ್ ಮದುವೆಗೆ ಮುಂಚೆ ಏನು? ಅವರ ತಾಯಿ ಏನು?”

“ಸ್ಮಿತ್,” ಎಂದಳು ಅಶ್ವಿತಾ. “ಇಬ್ಬರೂ ಸ್ಮಿತ್. ಯಾಕೆ?”

ಫೋನು ಮೇಜಿನ ಮೇಲೆ ಬಿತ್ತು. ಮೊದಲು ಎಚ್ಚೆತ್ತವರು ಸಿದ್ಧಲಿಂಗೇಶ.

“ಅಯ್ಯಯ್ಯ. ಸ್ಮಿತ್ ಅಂದ್ರ ಊರ ತುಂಬ ಅವ್ರ ಅದಾರಲ್ರೀ. ದಿನಾ ಯಾರರ ಒಬ್ಬ ಸ್ಮಿತ್ ಸಾಯ್ತಾನ. ಇದು ಮುಗಿಯೂ ಸೂತಕ ಅಲ್ಲ. ಆ ಹುಡುಗ ಹುಟ್ಟಿದಾಗಿಂದ ಸೂತಕದಾಗ ಅದಾನ!”

ಮೀನಿನ ವಾಸನೆಯ ಪತ್ರಿಕೆಯನ್ನು ತೆರೆದು ನೋಡಿದರೆ ಹೆರಾಲ್ಡರ ಕೆಳಗೇ ಇಬ್ಬರು ಸ್ಮಿತ್‌ಗಳು ಅಕ್ಕಪಕ್ಕ ತೀರಿಕೊಂಡಿದ್ದರು.

ಮೋಹನದಾಸರು ಮಾತಾಡದೆ ಕಂಪ್ಯೂಟರಿದ್ದ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ಹೊರಗೆ ದೋಸೆಯ ಹಿಟ್ಟು ಮುಗಿಯಿತು. ಸಿದ್ಧಲಿಂಗೇಶ ಹೋಗಲು ಎದ್ದರು, ಕುತೂಹಲ ತಡೆಯದೆ ಮತ್ತೆ ಕುಳಿತರು. ಬಾಗಿಲು ತೆರೆದಾಗ ಹೊರಬಂದ ಮೋಹನದಾಸರ ಮುಖ ಪಾಸಾದ ಬೋಲ್ಟಿನಂತೆ ಹೊಳೆಯುತ್ತಿತ್ತು.

“ಸ್ಮಿತ್ ಅಂದ್ರೆ ಯಾರು? ಕಮ್ಮಾರ. ಊರಿಗೊಬ್ಬ ಕಮ್ಮಾರ. ಆ ಊರಿನ ಕಮ್ಮಾರನಿಗೂ ಈ ಊರಿನ ಕಮ್ಮಾರನಿಗೂ ಎಂತ ಸಂಬಂಧ? ಏನೂ ಇಲ್ಲ! ಒಂದು ಬೇರಲ್ಲ, ಸಾವಿರ ಬೇರು. ಸತ್ತವರು ಆ ಸ್ಮಿತ್, ನಮ್ಮವರು ಈ ಸ್ಮಿತ್. ಸೂತಕ ಇಲ್ಲ!”

“ಮತ್ತ ಹನ್ನೆರಡು ಮರ? ರಾಜ ಉಂಡ್ ಹೋದ ಚಾವಡಿ?”

“ಮರ ಯಾರು ಬೇಕಾದ್ರೂ ನೆಡಬಹುದು ಸಿದ್ಧಲಿಂಗೇಶರೇ. ಕಬ್ಬಿಣ ಕಾಯಿಸಿ ಬಡಿದು ನೋಡಿ, ಆಗ ಗೊತ್ತಾಗ್ತದೆ. ಬೋಲ್ಟು ಮಾಡಿದ್ದು ಯಾರು? ಸ್ಮಿತ್!”

ಆ ಕೂಡಲೇ ಹ್ಯೂಗೆ ಫೋನ್ ಹೋಯಿತು. ಮೋಹನದಾಸರು ಬಳಿಯ ವಿಚಾರ ವಿವರಿಸಲು ಹೋಗಲಿಲ್ಲ. ಸಾವಾದ ಮನೆಗೆ ಹೋಗಿ ಮೌನವಾಗಿ ಕುಳಿತು ಬರುವುದು ನಮ್ಮ ಪದ್ಧತಿ, ಹೆರಾಲ್ಡರು ತೀರಿಕೊಂಡದ್ದಕ್ಕಾಗಿ ಬಂದಿದ್ದೆವು, ಈಗ ಎಲ್ಲ ಸರಿಯಾಗಿದೆ, ಶನಿವಾರ ಖಂಡಿತ ನಡೆಯುತ್ತದೆ ಎಂದರು. ಆ ಕಡೆ ಹ್ಯೂ ಮೂಗು ಒರೆಸಿಕೊಂಡ ಸದ್ದು ಕೇಳಿತು.

“ನಮಗೇ ಗೊತ್ತಿಲ್ಲದ ನಮ್ಮವನೊಬ್ಬನಿಗಾಗಿ ನೀವು ಅಷ್ಟು ದೂರದಿಂದ ಬಂದು ಕುಳಿತಿರಿ, ಮೋಹನ್. ಹಾಗಿರುವಾಗ ನಾವು ಸುಮ್ಮನಿದ್ದರೆ ಹೇಗೆ?”

“ಹೌದು ಹೌದು,” ಎಂದರು ಮೋಹನದಾಸರು. ಸಂತೋಷದಲ್ಲಿರುವ ಮನುಷ್ಯ ಎದುರಿನವನ ಮಾತನ್ನು ಪೂರ್ತಿ ಕೇಳಿಸಿಕೊಳ್ಳುವುದಿಲ್ಲ.

ಶನಿವಾರ ಸಂಜೆ ಲಾ ಹೋಯಾದ ಸಭಾಂಗಣ ಮಲ್ಲಿಗೆಯಿಂದ ಘಮಘಮಿಸುತ್ತಿತ್ತು. ಎಂಬತ್ತು ಜನ ರೇಷ್ಮೆಯಲ್ಲಿ ಕುಳಿತಿದ್ದರು. ರಾಜೀವಿ ಆರತಿಯ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದರು. ಗಂಡಿನ ಕಡೆಯವರ ಸುಳಿವಿಲ್ಲ. ಸಭಾಂಗಣದವರು ಕೊಟ್ಟ ಹೊತ್ತು ಕರಗುತ್ತಿತ್ತು.

ಕೊನೆಗೂ ಒಂದರ ಹಿಂದೆ ಒಂದು ಕಾರುಗಳು ಬಂದು ನಿಂತವು. ಮೊದಲ ಕಾರಿನಿಂದ ಹ್ಯೂ ಇಳಿದರು. ಕಪ್ಪು ಕೋಟು, ಕಪ್ಪು ಟೈ. ಕ್ಯಾರೊಲ್ ಇಳಿದರು, ಕಪ್ಪು ಉಡುಪು. ನೇಥನ್ ಇಳಿದ, ಕಪ್ಪು. ಹಿಂದಿನ ಕಾರುಗಳಿಂದ ಇಳಿದ ಹತ್ತು ಹದಿನೈದು ಮಂದಿಯೂ ತಲೆಯಿಂದ ಕಾಲಿನವರೆಗೆ ಕಪ್ಪು. ರಾಜೀವಿ ಆರತಿಯ ತಟ್ಟೆಯನ್ನು ಹಿಂದಕ್ಕೆ ಎಳೆದುಕೊಂಡರು.

“ಮೋಹನ್!” ಹ್ಯೂ ಎರಡೂ ತೋಳು ಚಾಚಿದರು. “ಟ್ರಾಫಿಕ್ಕಿನಲ್ಲಿ ಸಿಕ್ಕಿಬಿದ್ದೆವು, ಬಟ್ಟೆ ಬದಲಾಯಿಸಲೂ ಆಗಲಿಲ್ಲ. ಹೆರಾಲ್ಡರ ಅಂತ್ಯಕ್ರಿಯೆಯಿಂದ ನೇರವಾಗಿ ಬರುತ್ತಿದ್ದೇವೆ. ಇವಳು ಹೆರಾಲ್ಡರ ಮಗಳು ಬೆವರ್ಲಿ. ಇವರೆಲ್ಲ ಅವಳ ಮನೆಯವರು. ನಿಮ್ಮಿಂದ ನಮಗೆ ಒಂದು ಕುಟುಂಬವೇ ಸಿಕ್ಕಿತು!”

ಮೋಹನದಾಸರು ಹಿಂದಕ್ಕೆ ಹಾರಿದರು. ರಾಜೀವಿ ಕಿವಿಯ ಹತ್ತಿರ ಬಂದರು.

“ಮಸಣದಿಂದ ಬಂದದ್ದಾ?”

“ಹೌದು.”

“ಮಿಂದಿದ್ದಾರಾ?”

“ಫ್ರೀವೇಯಲ್ಲಿ ಎಲ್ಲಿ ಮೀಯುದು?”

ಬಳಿ ತಾಯಿಯಿಂದ ಬರಲಿ, ತಂದೆಯಿಂದ ಬರಲಿ. ಮಸಣದಿಂದ ಬಂದವರು ಮೀಯದೆ ಶುಭಕಾರ್ಯದ ಹೊಸಿಲು ದಾಟುವಂತಿಲ್ಲ. ಇದಕ್ಕೆ ಯಾವ ಕಂಪ್ಯೂಟರಿನಲ್ಲಿಯೂ ದಾರಿಯಿಲ್ಲ. ಸಭಾಂಗಣದಲ್ಲಿ ಇದ್ದದ್ದು ಕೈ ತೊಳೆಯುವ ಎರಡು ಬೇಸಿನ್ನು. ಅವುಗಳಲ್ಲಿ ಹ್ಯೂರ ಒಂದು ಕಾಲನ್ನೂ ಮುಳುಗಿಸುವ ಹಾಗಿರಲಿಲ್ಲ. ಮೋಹನದಾಸರು ದಿಕ್ಕು ತೋಚದೆ ಸುತ್ತ ನೋಡಿದರು. ಎದುರಿಗೆ, ಮೆಟ್ಟಿಲು ಇಳಿದರೆ ಸಾಕು, ಇಡೀ ಪೆಸಿಫಿಕ್ ಸಾಗರ ಬಿದ್ದುಕೊಂಡಿತ್ತು.

ಅವರು ಹ್ಯೂರನ್ನು ಪಕ್ಕಕ್ಕೆ ಕರೆದು ವಿಷಯ ಹೇಳಿದರು. ಹ್ಯೂ ಕೇಳುತ್ತಾ ಕೇಳುತ್ತಾ ಶೂ ಬಿಚ್ಚಲು ಶುರುಮಾಡಿದರು.

“ಸಮುದ್ರಸ್ನಾನವೇ? ಎಷ್ಟೋ ಮದುವೆಗಳಿಗೆ ಹೋಗಿದ್ದೇನೆ, ಒಬ್ಬರೂ ನನ್ನನ್ನು ಇದಕ್ಕೆ ಕರೆದಿರಲಿಲ್ಲ!”

ಬೆವರ್ಲಿ ತನ್ನ ಕಪ್ಪು ಟೋಪಿಯನ್ನು ಮೆಟ್ಟಿಲ ಮೇಲಿಟ್ಟಳು. ಅಳುವಿನಿಂದ ಅವಳ ಕಣ್ಣು ಇನ್ನೂ ಕೆಂಪಾಗಿತ್ತು. “ಅಪ್ಪ ಜೀವಮಾನವಿಡೀ ಬೇರೆಯವರನ್ನು ಕಡಲಿಗೆ ಕಳಿಸಿ ತಾನು ಅಂಗಡಿಯಲ್ಲಿ ಕುಳಿತಿದ್ದ,” ಎಂದು ಹೇಳಿ, ಎಲ್ಲರಿಗಿಂತ ಮೊದಲು ನೀರಿಗಿಳಿದಳು.

ಕಪ್ಪು ಕೋಟುಗಳು ಸಾಲಾಗಿ ಅಲೆಗಳೊಳಗೆ ನಡೆದುದನ್ನು ನೋಡಲು ಸಭಾಂಗಣದೊಳಗಿನ ರೇಷ್ಮೆಯೆಲ್ಲ ಹೊರಗೆ ಬಂತು.

“ಏನ್ರೀ ಇದು?” ಎಂದರು ಸಿದ್ಧಲಿಂಗೇಶ.

ಎಂಬತ್ತು ಜನರ ಮುಂದೆ ಬೀಗರು ಹೆಣ ಮಣ್ಣು ಮಾಡಿ ಬಂದಿದ್ದಾರೆ ಎನ್ನುವುದು ಹೇಗೆ? “ಅವರ ಮನೆಯ ಪದ್ಧತಿ,” ಎಂದರು ಮೋಹನದಾಸರು ಗಂಭೀರವಾಗಿ. “ಉಂಗುರಕ್ಕೆ ಮುಂಚೆ ಕಡಲಲ್ಲಿ ಮೀಯುದು. ಕಪ್ಪು ಬಟ್ಟೆಯಲ್ಲೇ ಆಗಬೇಕು. ಬಹಳ ಹಳೇ ಮನೆತನ.”

“ಮತ್ತ ಹೆಣ್ಣಿನ ಕಡಿಯವ್ರು?”

ಇದಕ್ಕೆ ಉತ್ತರ ಯೋಚಿಸಿರಲಿಲ್ಲ. ಯೋಚಿಸುವ ಅಗತ್ಯವೂ ಬೀಳಲಿಲ್ಲ. ಪಿಕ್ನಿಕ್ಕಿನಲ್ಲಿ ಮರದ ಜಾತಿ ಕೇಳಿದ್ದ ಆಂಟಿ ಆಗಲೇ ಸೀರೆಯ ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸುತ್ತಿದ್ದರು. “ಕಡಲ ಬದಿಯವರು ನಾವು. ಅವರು ಮೀಯುದು, ನಾವು ದಡದಲ್ಲಿ ನೋಡುದಾ? ಊರಲ್ಲಿ ಗೊತ್ತಾದ್ರೆ ಮರ್ಯಾದೆ ಉಂಟಾ?” ಆಂಟಿ ಇಳಿದ ಮೇಲೆ ಅಂಕಲ್ ದಡದಲ್ಲಿ ಉಳಿಯುವಂತಿರಲಿಲ್ಲ. ಅಂಕಲ್ ಇಳಿದ ಮೇಲೆ ಪಂಚೆ ಉಟ್ಟವರು, ಸೂಟು ತೊಟ್ಟವರು, ಕೂಸನ್ನು ಹೆಗಲಿಗೇರಿಸಿಕೊಂಡವರು, ಎಲ್ಲರೂ ಇಳಿದರು. ಸಿದ್ಧಲಿಂಗೇಶರು ಪ್ಯಾಂಟು ಮಡಚುತ್ತಾ, “ನಮ್ಮ ಕಡೆ ಇಷ್ಟ್ ನೀರ ಇಲ್ರೀ,” ಎಂದು ತಕರಾರು ಮಾಡುತ್ತಲೇ ಇಳಿದರು. ನೀರು ಮಂಜಿನಂತೆ ಕೊರೆಯುತ್ತಿತ್ತು. ಒಂದೊಂದು ಅಲೆಗೂ ತುಳು, ಕನ್ನಡ, ಇಂಗ್ಲಿಷ್ ಮೂರರಲ್ಲಿಯೂ ಕೂಗು ಏಳುತ್ತಿತ್ತು.

ಆ ಗದ್ದಲದ ನಡುವೆ ಮೊಣಕಾಲುದ್ದ ನೀರಿನಲ್ಲಿ ನಿಂತಿದ್ದ ನೇಥನ್ ಜೇಬು ಮುಟ್ಟಿ ನೋಡಿಕೊಂಡ. ಉಂಗುರ ಒದ್ದೆ ಜೇಬಿನ ತಳದಲ್ಲಿತ್ತು. ಇನ್ನೊಂದು ದೊಡ್ಡ ಅಲೆ ಬಂದರೆ ಅದು ದಕ್ಷಿಣದ ಹಿಮಕ್ಕೆ ಅವನಿಗಿಂತ ಮೊದಲು ತಲುಪುತ್ತಿತ್ತು. ಅವನು ಅಶ್ವಿತಾಳ ಕೈ ಹಿಡಿದ. “ಈಗಲೇ?” ಎಂದಳು. “ಈಗಲೇ,” ಎಂದ. ರಾಜೀವಿ ಆರತಿಯ ತಟ್ಟೆಯನ್ನು ತಲೆಯ ಮೇಲೆತ್ತಿ ಹಿಡಿದು ನೀರಿನಲ್ಲಿ ದಾಪುಗಾಲು ಹಾಕುತ್ತಾ ಬಂದರು. ಉಂಗುರ ಬೆರಳು ಸೇರಿತು. ಕ್ಯಾರೊಲ್ ಮತ್ತೆ ಅತ್ತರು. ಈ ಸಲ ಯಾಕೆಂದು ಎಲ್ಲರಿಗೂ ಗೊತ್ತಿತ್ತು.

ಆಗಲೇ ಸೀಟಿ ಕೇಳಿಸಿದ್ದು. ಕೆಂಪು ಚಡ್ಡಿಯ ಲೈಫ್‌ಗಾರ್ಡ್ ಒಬ್ಬ ಮರಳಿನಲ್ಲಿ ಓಡಿಬಂದು ನೀರಿನ ಅಂಚಿನಲ್ಲಿ ನಿಂತ.

“ಇಲ್ಲಿ ಯಾರು ಜವಾಬ್ದಾರರು?”

ಎಲ್ಲರೂ ಮೋಹನದಾಸರ ಕಡೆ ನೋಡಿದರು.

“ಇದೇನು ಸರ್, ದೀಕ್ಷಾಸ್ನಾನವೇ?”

“ಅಲ್ಲ, ನಿಶ್ಚಿತಾರ್ಥ.”

“ಮತ್ತೆ ಆ ಕಪ್ಪು ಬಟ್ಟೆಯವರು?”

“ಅದು ಅಂತ್ಯಕ್ರಿಯೆ.”

ಲೈಫ್‌ಗಾರ್ಡ್ ಕಪ್ಪು ಕನ್ನಡಕ ತೆಗೆದ. ರೇಷ್ಮೆಯ ಕಡೆ ನೋಡಿದ, ಕೋಟುಗಳ ಕಡೆ ನೋಡಿದ, ಆರತಿಯ ತಟ್ಟೆ ಹಿಡಿದ ಹೆಂಗಸಿನ ಕಡೆ ನೋಡಿದ. ಅವನ ತರಬೇತಿಯಲ್ಲಿ ಇದರ ಪಾಠ ಇದ್ದಂತೆ ಕಾಣಲಿಲ್ಲ.

“ಇಷ್ಟು ದೊಡ್ಡ ಗುಂಪಾದರೆ ಪರ್ಮಿಟ್ ಬೇಕು, ಸರ್. ಒಂದೇ ಕುಟುಂಬದವರು ಈಜಲು ಬಂದದ್ದಾದರೆ ನಾನು ನೋಡಲಿಲ್ಲ ಎಂದುಕೊಳ್ಳುತ್ತೇನೆ. ಹೇಳಿ, ಇವರೆಲ್ಲ ಒಂದೇ ಕುಟುಂಬವೇ?”

ಮೋಹನದಾಸರು ತಿರುಗಿ ನೋಡಿದರು. ಹ್ಯೂ ಒಬ್ಬ ಉಡುಪಿಯ ಅಂಕಲ್‌ಗೆ ಅಂಗೈಯಲ್ಲಿ ಏನೋ ತೋರಿಸುತ್ತಿದ್ದರು. ಬಹುಶಃ ಅಂಬಲಿ ಮೀನು. ಬೆವರ್ಲಿಯ ಒದ್ದೆ ಕೂದಲಿಗೆ ಆಂಟಿ ತನ್ನ ಮಲ್ಲಿಗೆಯನ್ನು ಅರ್ಧ ಹರಿದು ಮುಡಿಸುತ್ತಿದ್ದರು. ಸಿದ್ಧಲಿಂಗೇಶ ಅಲೆಗೆ ಹೆದರಿ ಕ್ಯಾರೊಲ್ ಸ್ಮಿತ್ ಟ್ವೆಲ್ವ್‌ಟ್ರೀಸರ ತೋಳು ಹಿಡಿದುಕೊಂಡಿದ್ದರು. ಮಗಳು ಹುಡುಗನ ಭುಜಕ್ಕೆ ತಲೆಯಿಟ್ಟು ಬೆರಳನ್ನು ಸೂರ್ಯನಿಗೆ ಹಿಡಿದು ನೋಡುತ್ತಿದ್ದಳು.

“ಹೌದು,” ಎಂದರು ಮೋಹನದಾಸರು. “ಎಲ್ಲರೂ ಒಂದೇ ಮನೆಯವರು.”

ಲೈಫ್‌ಗಾರ್ಡ್ ಸಮಾಧಾನದಿಂದ ಕನ್ನಡಕ ಹಾಕಿಕೊಂಡು ನಡೆದ. ಹಿಂದಿನಿಂದ ರಾಜೀವಿ ಗಂಡನ ಬೆನ್ನಿಗೆ ತಿವಿದರು.

“ಎಂತ ಹೇಳಿಬಿಟ್ರಿ ಮಾರಾಯ್ರೇ! ಈಗ ಸೂತಕ ಎಲ್ಲರಿಗೂ ಬಂತಲ್ಲ!”

“ಬರಲಿ,” ಎಂದರು ಮೋಹನದಾಸರು, ಬರುತ್ತಿದ್ದ ಅಲೆಗೆ ಪಂಚೆಯನ್ನು ಇನ್ನಷ್ಟು ಮೇಲೆತ್ತಿ ಕಟ್ಟುತ್ತಾ. “ಹೇಗೂ ಎಲ್ಲರೂ ಮಿಂದಾಯ್ತಲ್ಲ.”